ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಮನೆಯಲ್ಲೇ ಬಿಚ್ಚಿ ತೊಳೆಯಬಹುದಾ?

ಪ್ರಶ್ನೆ (ಗುಬ್ಬಿ): ನಮ್ಮದು ಹಳೇ ಡೀಸೆಲ್ ಕಾರು. ಈಚೆಗೆ ಪಿಕಪ್ ಇಲ್ಲ, ದೇವರಾಯನದುರ್ಗದ ಏರಿನಲ್ಲಿ ಕಪ್ಪು ಹೊಗೆ ಜಾಸ್ತಿ. ಇಜಿಆರ್ ಪೈಪ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಪೈಪ್) ಬಿಚ್ಚಿ ನೋಡಿದರೆ ಒಳಗೆಲ್ಲ ಕರಿ ಮೆತ್ತಿಕೊಂಡಿದೆ. ಮ್ಯಾನಿಫೋಲ್ಡ್ ನಾನೇ ಇಳಿಸಬಹುದಾ?

ಉತ್ತರ (ತಿಪಟೂರು): ಇಳಿಸಬಹುದು ಸರ್. ಇಜಿಆರ್‌ನಿಂದ ಬರುವ ಮಸಿ, ಎಂಜಿನ್ ಆಯಿಲ್ಲಿನ ಆವಿ ಸೇರಿ ಹಾಗೆ ಅಂಟಾಗುತ್ತದೆ. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಕನೆಕ್ಟರ್‌ಗಳ ಫೋಟೋ ತೆಗೆದಿಡಿ. ಮ್ಯಾನಿಫೋಲ್ಡ್ ಬಂದ ತಕ್ಷಣ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗ) ತೂತುಗಳಿಗೆ ಬಟ್ಟೆ ತುರುಕಿ. ಒಂದು ನಟ್ ಒಳಗೆ ಬಿದ್ದರೂ ಎಂಜಿನ್ನನ್ನೇ ಬಿಚ್ಚಿ ರಿಪೇರಿ ಮಾಡಿಸುವ ಹಾಗಾಗುತ್ತದೆ, ದಯವಿಟ್ಟು ಇದನ್ನು ಮರೆಯಬೇಡಿ. ಸೆನ್ಸರ್ ತೆಗೆದಿಟ್ಟು, ಮ್ಯಾನಿಫೋಲ್ಡನ್ನು ರಾತ್ರಿಯಿಡೀ ಡೀಸೆಲ್ಲಿನಲ್ಲಿ ನೆನೆಸಿ, ಬ್ರಷ್‌ನಲ್ಲಿ ಉಜ್ಜಿ. ಕಾಸ್ಟಿಕ್ ಸೋಡಾ ಬೇಡವೇ ಬೇಡ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಪ್ರಶ್ನೆ ಕೇಳಿದವರು: ಗಾಳಿ ಲೀಕಾಗದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ ಹಳೇದೇ ಹಾಕಲಾ ಅಣ್ಣ?

ಉತ್ತರ (ತಿಪಟೂರು): ಬೇಡ, ಹೊಸದೇ ಹಾಕಿ. ಗಾಳಿ ಲೀಕಾದರೆ ಪಟ್ಟ ಕಷ್ಟವೆಲ್ಲ ದಂಡ. ಒಳಗೆ ಹನಿ ಡೀಸೆಲ್ಲೂ ಉಳಿಯದಂತೆ ಒಣಗಿಸಿ. ಬೋಲ್ಟ್‌ಗಳನ್ನು ನಡುವಿನಿಂದ ಅಂಚಿಗೆ, ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿ.

ಉತ್ತರ (ಶಿರಾ): ಎಂಜಿನ್ನಿಗೆ ಡೀಸೆಲ್ ಒಯ್ಯುವ ಇಂಜೆಕ್ಟರ್ ಪೈಪ್ ಅಡ್ಡ ಬಂದರೆ ಮೆಕ್ಯಾನಿಕ್‌ನನ್ನೇ ಕರೆಯಿರಿ, ಅದರಲ್ಲಿ ಪ್ರೆಷರ್ ಭಾರಿ ಇರುತ್ತದೆ. ತೊಳೆದ ಡೀಸೆಲ್ ಸುಮ್ನೆ ತೆಂಗಿನ ಬುಡಕ್ಕೆ ಸುರಿಯಬೇಡಿ. ಕ್ಯಾನಿಗೆ ತುಂಬಿ, ಹಳೇ ಆಯಿಲ್ ತಗೊಳ್ಳುವವರಿಗೆ ಕೊಡಿ.