ನೇರಳೆ ಗರಿ, ಮೆತ್ತನೆ ತೆನೆ: ಇದು ಯಾವ ಹುಲ್ಲು? ಇಟ್ಟುಕೊಳ್ಳಬಹುದಾ?

ಹಿತ್ತಿಲಗಿಡ, ತುಮಕೂರು:
ನಮಸ್ಕಾರ. ಕಾಂಪೌಂಡ್ ಪಕ್ಕ ಹಾಕೋಣ ಅಂತ ನರ್ಸರಿಯಿಂದ ಈ ಹುಲ್ಲಿನ ಎರಡು ಬುಡ ತಂದೆ. ಹೆಸರು ಕೇಳಿದರೆ ‘ಶೋ ಹುಲ್ಲು’ ಅಂದರು, ಅಷ್ಟೇ. ಈಗ ಸೊಂಟದ ಎತ್ತರ ಬಂದಿದೆ. ಗರಿ ಕಡು ನೇರಳೆ, ಎಲ್ಲಾ ಒಂದೇ ಬುಡದಿಂದ ಎದ್ದು ಸುತ್ತ ಬಾಗಿವೆ. ತೆನೆ ಗೇಣುದ್ದಕ್ಕಿಂತ ಜಾಸ್ತಿ ಇದೆ, ತುದಿ ಬಾಗಿದೆ. ಹೊಸದರಲ್ಲಿ ಕೆಂಪಗಿದ್ದು ಒಣಗಿದ ಮೇಲೆ ತಿಳಿ ಕಂದು ಆಗುತ್ತದೆ.

ಪಕ್ಕದ ಮನೆಯವರು ಇದು ಕೆಂಪು ನೇಪಿಯರ್, ಹಸುಗೆ ಹಾಕಿ ಅಂತಾರೆ. ಇನ್ನೊಬ್ಬರು ಬೀಜ ಹಾರಿ ಕಳೆ ಆಗುತ್ತದೆ, ಕಿತ್ತು ಬಿಸಾಕಿ ಅಂತಾರೆ. ನಮ್ಮ ರಾಗಿ ಹೊಲ ಪಕ್ಕದಲ್ಲೇ ಇರುವುದರಿಂದ ಭಯ. ಇನ್ನೊಂದು ವಿಷಯ: ಮಾವಿನ ಮರದ ಹತ್ತಿರ ಇರುವ ಬುಡ ಬಣ್ಣ ಬಿಟ್ಟು ಹಸಿರಾಗುತ್ತಿದೆ. ರೋಗವಾ?

ಕೆಮ್ಮಣ್ಣು:
ಕಡ್ಡಿ ಎಷ್ಟು ದಪ್ಪ ಇದೆ? ಗರಿ ಎಷ್ಟು ಅಗಲ? ಅಳೆದು ಹಾಕಿ. ನೇಪಿಯರ್ ಹೌದೋ ಅಲ್ವೋ ಅಷ್ಟರಲ್ಲೇ ಗೊತ್ತಾಗುತ್ತದೆ.

ಹಿತ್ತಿಲಗಿಡ, ತುಮಕೂರು:
ಕಡ್ಡಿ ಪೆನ್ಸಿಲ್‌ಗಿಂತ ಸಣ್ಣ. ಗರಿ ಸುಮಾರು ಒಂದು ಸೆಂಟಿಮೀಟರ್.

ಬೇಲಿಸಾಲು, ಹಾಸನ:
ಹಾಗಾದರೆ ನೇಪಿಯರ್ ಅಲ್ಲ. ನೇಪಿಯರ್ ಕಡ್ಡಿ ಕಬ್ಬಿನ ಥರ ಗಿಣ್ಣು ಗಿಣ್ಣಾಗಿ ದಪ್ಪ ಇರುತ್ತದೆ, ಗರಿ ಎರಡು ಬೆರಳಷ್ಟು ಅಗಲ, ಆಳೆತ್ತರ ದಾಟಿ ಬೆಳೆಯುತ್ತದೆ. ನಿಮ್ಮದು ನೇರಳೆ ಫೌಂಟನ್ ಗ್ರಾಸ್. ‘ಪೆನ್ನಿಸೆಟಮ್ ರುಬ್ರಮ್’ ಅಂತ ಕೇಳಿದರೆ ನರ್ಸರಿಯಲ್ಲಿ ಕೊಡುತ್ತಾರೆ. ಈಗಿನ ಪುಸ್ತಕಗಳಲ್ಲಿ ಪೆನ್ನಿಸೆಟಮ್ ಹೋಗಿ ಸೆಂಕ್ರಸ್ ಅಂತ ಬರೆಯುತ್ತಾರೆ. ನಮ್ಮ ಸಜ್ಜೆಯೂ ನೇಪಿಯರ್ರೂ ಅದೇ ಕುಲದವು. ಅದಕ್ಕೇ ಜನಕ್ಕೆ ಗೊಂದಲ.

ಕಳೆಯ ಭಯ ಸುಮ್ನೆ ಹುಟ್ಟಿದ್ದಲ್ಲ. ಇದರ ಹಸಿರು ಜಾತಿ ಒಂದಿದೆ, ಸೆಟೇಸಿಯಂ ಅಂತ. ಉತ್ತರ, ಪೂರ್ವ ಆಫ್ರಿಕಾದ ಕಡೆಯದು. ಅಲಂಕಾರಕ್ಕೆ ಅಂತ ಹವಾಯಿಗೆ ಒಯ್ದರು. ಅದು ಅಲ್ಲಿನ ಒಣ ಲಾವಾ ನೆಲವನ್ನೆಲ್ಲಾ ಮುಚ್ಚಿಬಿಟ್ಟಿತು. ಒಣಗಿದ ಹುಲ್ಲಿಗೆ ಬೆಂಕಿ ಬಿದ್ದರೆ ಅಲ್ಲಿನ ಮೂಲ ಗಿಡಗಳು ಸುಟ್ಟುಹೋಗುತ್ತವೆ, ಇದು ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಯುರೋಪಿಯನ್ ಒಕ್ಕೂಟ 2017ರಲ್ಲಿ ಅದನ್ನು ಅಪಾಯಕಾರಿ ಹೊರಗಿನ ಸಸ್ಯಗಳ ಪಟ್ಟಿಗೆ ಸೇರಿಸಿದೆ. ರಾಗಿ ಹೊಲದ ಪಕ್ಕ ಆ ಹಸಿರು ಜಾತಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ನಾನು ಬೇಡ ಅನ್ನುತ್ತೇನೆ.

ನೇರಳೆಯದು ಬೇರೆ. ಅದರಲ್ಲಿ ಬೀಜ ಕಟ್ಟುವುದು ತೀರಾ ಅಪರೂಪ. ನೀವೇ ನೋಡಬಹುದು: ಚೆನ್ನಾಗಿ ಒಣಗಿದ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಮೆಲ್ಲಗೆ ಊದಿ. ಸಜ್ಜೆ ತೆನೆಯಾದರೆ ಹೊಟ್ಟು ಹಾರಿ ಕಾಳು ಕೈಯಲ್ಲಿ ಉಳಿಯುತ್ತದೆ. ಇದರಲ್ಲಿ ರೋಮದಂಥ ಎಳೆಗಳೆಲ್ಲಾ ಹಾರಿಹೋಗಿ ಕೈ ಖಾಲಿ. ನಾನು ಪ್ರತಿ ಸಲ ಬೇರೆ ಬೇರೆ ಬುಡದ ತೆನೆ ತೆಗೆದು ಉಜ್ಜುತ್ತೇನೆ, ನಮ್ಮಲ್ಲಿ ಗಟ್ಟಿ ಕಾಳು ಸಿಕ್ಕಿಲ್ಲ. ಬುಡದ ಸುತ್ತ ಸಸಿಗಳೂ ಹುಟ್ಟಿಲ್ಲ. ನಿಮ್ಮಲ್ಲಿ ಹುಟ್ಟಿದರೆ ಮಾತ್ರ ಅನುಮಾನ ಪಡಿ, ತಕ್ಷಣ ಕೀಳಿ.

ಹಸಿರಾಗುವುದು ರೋಗವಲ್ಲ, ನೆರಳಿನ ಕೆಲಸ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದಿದ್ದರೆ ನೇರಳೆ ಬಣ್ಣ ನಿಲ್ಲುವುದಿಲ್ಲ, ತೆನೆಯೂ ಕಮ್ಮಿ. ಆ ಬುಡವನ್ನು ಮಾವಿನ ಕೆಳಗಿಂದ ಎತ್ತಿ ಬಯಲಿಗೆ ಹಾಕಿ. ಗೊಬ್ಬರ ಸುರಿಯಬೇಡಿ. ಜಾಸ್ತಿ ಗೊಬ್ಬರ ಬಿದ್ದರೆ ಗರಿ ಸೊಕ್ಕಿ ಬೆಳೆದು ಮಳೆಗೆ ಅಡ್ಡ ಬೀಳುತ್ತದೆ. ಬೇರು ಹಿಡಿದ ಮೇಲೆ ನೀರಿನ ಚಿಂತೆ ಅಷ್ಟಿಲ್ಲ, ಆದರೆ ನೀರು ನಿಲ್ಲುವ ಜಾಗ ಆಗಲೇಬಾರದು.

ಕೆಮ್ಮಣ್ಣು:
ಹಸು ವಿಷಯಕ್ಕೆ ಒಂದು ಮಾತು. ಮೇವಿಗೆ ಅಂತ ಇದನ್ನು ಬೆಳೆಸಿ ಪ್ರಯೋಜನವಿಲ್ಲ. ಮೇವು ಬೇಕಿದ್ದರೆ ಸೀಮೆಹುಲ್ಲೇ ಹಾಕಿ.

ಹಿತ್ತಿಲಗಿಡ, ತುಮಕೂರು:
ತೆನೆ ಉಜ್ಜಿ ನೋಡಿದೆ, ಕಾಳಿಲ್ಲ! ತುಂಬಾ ಸಮಾಧಾನವಾಯಿತು. ಹಾಗಾದರೆ ಕಾಂಪೌಂಡ್ ಉದ್ದಕ್ಕೂ ಒಂದು ಸಾಲು ಮಾಡುವ ಆಸೆ. ಬೀಜವಿಲ್ಲದೆ ಹೇಗೆ?

ಬೇಲಿಸಾಲು, ಹಾಸನ:
ಬುಡ ಒಡೆದು. ಮುಂಗಾರು ಹಿಡಿದ ಮೇಲೆ ಮಾಡಿ, ಬೇಸಿಗೆಯಲ್ಲಿ ಕೈ ಹಾಕಬೇಡಿ. ಮೊದಲು ಗರಿಯನ್ನೆಲ್ಲಾ ನೆಲದಿಂದ ಗೇಣೆತ್ತರಕ್ಕೆ ಕುಡುಗೋಲಿನಿಂದ ಕೊಯ್ಯಿರಿ. ಆಮೇಲೆ ಪೂರ್ತಿ ಬುಡವನ್ನು ಗುದ್ದಲಿಯಿಂದ ಎಬ್ಬಿಸಿ, ಹಳೆ ಗರಗಸದಲ್ಲಿ ಸೀಳಿ. ಕೈಯಲ್ಲಿ ಬಿಡಿಸಲು ಹೋದರೆ ಬೇರು ಕಿತ್ತುಬರುತ್ತದೆ. ಒಂದೊಂದು ತುಂಡಿಗೂ ನಾಲ್ಕೈದು ತೆಂಡೆ (ಬುಡದಿಂದ ಎದ್ದ ಕಡ್ಡಿ), ಜೊತೆಗೆ ಬೇರು ಇರಲಿ. ವಯಸ್ಸಾದ ಬುಡದಲ್ಲಿ ನಡುಭಾಗ ಒಣಗಿ ಟೊಳ್ಳಾಗಿರುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ಅಂಚಿನ ಎಳೆ ತೆಂಡೆ ಮಾತ್ರ ನೆಡಿ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ನಡುವೆ ಎರಡೂವರೆ ಅಡಿ ಬಿಡಿ. ಈಗ ಖಾಲಿ ಖಾಲಿ ಅನ್ನಿಸಿದರೂ ಮುಂದೆ ಅಷ್ಟು ಜಾಗ ಬೇಕು.

ಗರಿಯ ಅಂಚು ಕೈ ಗೀರುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಂಡೇ ಕೆಲಸಕ್ಕೆ ಇಳಿಯಿರಿ.