ಸೈರನ್‌ಗೆ ಮೀನಿನ ಬಾಲ ಬರೆದುಬಿಟ್ಟಿದ್ದೇನೆ. ಚಿತ್ರ ಬದಲಿಸಲೇ, ಕಥೆ ಬದಲಿಸಲೇ?

ಬಣ್ಣದಡಬ್ಬಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲೆಯನ್ನು ಯಾರ ಹತ್ತಿರವೂ ಕಲಿತವಳಲ್ಲ. ರಜೆಯ ದಿನ ಪೆನ್ಸಿಲ್ಲು, ಜಲವರ್ಣ ಹಿಡಿದು ಕೂರುತ್ತೇನೆ. ಹೋದ ವರ್ಷದಿಂದ ಒಂದು ಕೆಲಸ ಹಚ್ಚಿಕೊಂಡಿದ್ದೇನೆ: ಗ್ರೀಕ್ ಪುರಾಣದ ಒಂದೊಂದು ಕಥೆಗೆ ಒಂದೊಂದು ಚಿತ್ರ, ಚಿತ್ರದ ಕೆಳಗೆ ಆ ಕಥೆ ಕನ್ನಡದಲ್ಲಿ ನಾಲ್ಕೈದು ಸಾಲು. ಬರೆದದ್ದನ್ನು ಗೆಳತಿಯರಿಗೆ ಕಳಿಸುತ್ತೇನೆ. ಇಕಾರಸ್, ಅರಾಕ್ನಿ, ಪರ್ಸೆಫೊನಿ ಹೀಗೆ ಹನ್ನೊಂದು ಮುಗಿದಿವೆ.

ಹನ್ನೆರಡನೆಯದು ಸೈರನ್, ಹಾಡಿನಿಂದ ನಾವಿಕರನ್ನು ಸೆಳೆದು ಕೊಲ್ಲುವವಳು. ಮೂರು ಭಾನುವಾರ ತೆಗೆದುಕೊಂಡಿತು. ಸೊಂಟದವರೆಗೆ ಹೆಣ್ಣು, ಕೆಳಗೆ ಮೀನಿನ ಬಾಲ. ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ ಕೊಡುತ್ತಾ ಹೋಗಿ, ಹುರುಪೆಗಳ ಹಸಿರು ಬಾಲದ ತುದಿಗೆ ಬರುವಷ್ಟರಲ್ಲಿ ನೀಲಿಯಾಗುವಂತೆ ಮಾಡಿದ್ದೇನೆ. ನಾನು ಇದುವರೆಗೆ ಬರೆದ ನೀರಿನಲ್ಲಿ ಇದೇ ಚೆನ್ನಾಗಿ ಬಂದಿರುವುದು. ಅವಳ ಬಲಗೈ ಹಡಗಿನ ಮೂತಿಯನ್ನು ಹಿಡಿದಿದೆ. ದೂರದಲ್ಲಿ, ಹಾಡು ಕೇಳಿಯೂ ಅವಳತ್ತ ಹೋಗದಿರಲೆಂದು ಹಡಗಿನ ಕಂಬಕ್ಕೆ ತನ್ನನ್ನು ಕಟ್ಟಿಸಿಕೊಂಡ ವೀರ ಒಡಿಸ್ಯೂಸ್ ಬೆರಳಿನುದ್ದ ಕಾಣುತ್ತಾನೆ.

ಕಳಿಸಿದ ಮರುದಿನ ಒಬ್ಬ ಗೆಳತಿ ಹೇಳಿದಳು: "ಗ್ರೀಕರ ಸೈರನ್ ಹಕ್ಕಿ ಕಣೆ, ಮೀನಲ್ಲ." ಕೂತು ಹೋಮರ್ ಕವಿಯ ಕಾವ್ಯ ಒಡಿಸ್ಸಿಯ 12ನೇ ಭಾಗವನ್ನು ಮತ್ತೆ ಓದಿದೆ. ಸೈರನ್‌ಗಳ ಮೈ ಹೇಗಿತ್ತೆಂದು ಹೋಮರ್ ಒಂದು ಮಾತೂ ಹೇಳುವುದಿಲ್ಲ! ಹುಲ್ಲುಗಾವಲಿದೆ, ಸುತ್ತ ಕೊಳೆತ ಗಂಡಸರ ಮೂಳೆಯ ರಾಶಿಯಿದೆ, ಇದ್ದಕ್ಕಿದ್ದಂತೆ ಗಾಳಿ ನಿಲ್ಲುತ್ತದೆ, ಹಾಡು ಕೇಳಿಸುತ್ತದೆ. ಆ ಹಾಡೂ ಎಂಥದ್ದು! ಟ್ರಾಯ್‌ನಲ್ಲಿ ಗ್ರೀಕರೂ ಟ್ರೋಜನರೂ ಪಟ್ಟ ಪಾಡೆಲ್ಲ ನಮಗೆ ಗೊತ್ತು, ಭೂಮಿಯ ಮೇಲೆ ನಡೆಯುವುದೆಲ್ಲ ಗೊತ್ತು, ಬಾ ಕೇಳು ಅನ್ನುತ್ತಾರೆ. ಹತ್ತು ವರ್ಷ ಯುದ್ಧ ಮಾಡಿ ಬಂದವನಿಗೆ ಅವನದೇ ಯುದ್ಧದ ಕಥೆಯ ಆಸೆ ತೋರಿಸುತ್ತಾರೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ: ಹೋಮರ್ ಹೇಳಿಲ್ಲ ಎಂದ ಮೇಲೆ ನನ್ನ ಬಾಲ ತಪ್ಪೇ? ಚಿತ್ರವನ್ನು ಹಿಂತೆಗೆದುಕೊಳ್ಳಬೇಕೇ? ಒಂದೇ ಕಥೆ ನಾಲ್ಕು ಥರ ಇದ್ದರೆ ಚಿತ್ರದ ಕೆಳಗೆ ಯಾವುದನ್ನು ಬರೆಯಬೇಕು?

ಹಳೆಮಡಕೆ

ನಿಮ್ಮ ಗೆಳತಿ ಹೇಳಿದ್ದು ಸರಿ. ಹೋಮರ್ ಸುಮ್ಮನಿದ್ದರೂ ಗ್ರೀಕ್ ಕುಂಬಾರರು ಸುಮ್ಮನಿರಲಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಜಾಡಿಯಿದೆ, ಅಥೆನ್ಸ್‌ನಲ್ಲಿ ಕ್ರಿ.ಪೂ. 480ರ ಆಸುಪಾಸಿನಲ್ಲಿ ಮಾಡಿದ್ದು, ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ. ಅದನ್ನು ಸೈರನ್ ಜಾಡಿ ಎಂದೇ ಕರೆಯುತ್ತಾರೆ. ಹಡಗಿನ ಮೂತಿಗೆ ದೊಡ್ಡ ಕಣ್ಣು ಬರೆದಿದ್ದಾರೆ, ಒಡಿಸ್ಯೂಸ್ ಕಂಬಕ್ಕೆ ಕಟ್ಟಿಸಿಕೊಂಡು ತಲೆ ಮೇಲೆತ್ತಿದ್ದಾನೆ. ಎರಡು ಬಂಡೆಗಳ ಮೇಲೆ ಎರಡು ಹಕ್ಕಿಗಳು, ತಲೆ ಮಾತ್ರ ಹೆಣ್ಣಿನದು. ಮೂರನೆಯದೊಂದು ತಲೆಕೆಳಗಾಗಿ ಸಮುದ್ರಕ್ಕೆ ಬೀಳುತ್ತಿದೆ, ಅದರ ಕಣ್ಣು ಮುಚ್ಚಿದೆ. ಹಾಡು ಕೇಳಿಯೂ ಒಬ್ಬ ದಾಟಿಹೋದರೆ ಸೈರನ್‌ಗಳು ಸಾಯಬೇಕು ಎಂಬ ಮಾತು ಹೋಮರ್‌ನಲ್ಲಿಲ್ಲ, ಆಮೇಲಿನವರಲ್ಲಿದೆ. ಆ ಮುಚ್ಚಿದ ಕಣ್ಣು ನೋಡಿದರೆ ಜಾಡಿ ಬರೆದವನಿಗೂ ಅಂಥದ್ದೊಂದು ಕಥೆ ಗೊತ್ತಿತ್ತು ಅನ್ನಿಸುತ್ತದೆ.

ಇನ್ನೊಂದು ಗಮನಿಸಿ. ಹೋಮರ್‌ನ ಗ್ರೀಕ್‌ನಲ್ಲಿ ಸಂಸ್ಕೃತದ ಹಾಗೆ ದ್ವಿವಚನವಿದೆ. ಸೈರನ್‌ಗಳಿಗೆ ಅವನು ಅದನ್ನೇ ಬಳಸುತ್ತಾನೆ, ಅಂದರೆ ಅವನ ಲೆಕ್ಕದಲ್ಲಿ ಇಬ್ಬರೇ. ಜಾಡಿಯಲ್ಲಿ ಮೂವರು. ಆ ಕಾಲದ ಚಿತ್ರಕಾರನೇ ಹೋಮರ್ ಹೇಳಿದ ಲೆಕ್ಕಕ್ಕೆ ಕಟ್ಟುಬೀಳಲಿಲ್ಲ.

ಮೀನಿನ ಬಾಲ ಬಂದದ್ದು ಬಹಳ ತಡವಾಗಿ, ಮಧ್ಯಯುಗದ ಲ್ಯಾಟಿನ್ ಬರಹಗಳಲ್ಲಿ.

ಹಕ್ಕಿ ಬರೆಯುವುದಾದರೆ ಒಂದು ಸಲಹೆ. ಮಡಕೆಯ ಬಣ್ಣದ ಕಾಗದ ತೆಗೆದುಕೊಳ್ಳಿ. ಮೊದಲು ಹಕ್ಕಿಯ ಇಡೀ ಆಕಾರವನ್ನು ಕಪ್ಪು ಇಂಕಿನಲ್ಲಿ ತುಂಬಿ, ಒಣಗಿದ ಮೇಲೆ ಸೂಜಿಯ ಮೊನೆಯಿಂದ ಗರಿಗಳನ್ನು ಗೀರಿ. ಕಪ್ಪು ಆಕೃತಿಯ ಮಡಕೆಗಳಲ್ಲಿ ಅವರು ಮಾಡುತ್ತಿದ್ದದ್ದೂ ಅದೇ, ಗೀರಿದಲ್ಲಿ ಕೆಳಗಿನ ಕೆಂಪು ಮಣ್ಣು ಕಾಣಬೇಕು. ಅವರ ಕಪ್ಪು ನಿಜವಾಗಿ ಬಣ್ಣವೇ ಅಲ್ಲ. ಅದೇ ಜೇಡಿಮಣ್ಣನ್ನು ನೀರಲ್ಲಿ ಕದಡಿ ತೆಗೆದ ನಯವಾದ ತಿಳಿ. ಆವಿಗೆಯಲ್ಲಿ ಮೊದಲು ಗಾಳಿ ಬಿಟ್ಟು, ಆಮೇಲೆ ಗಾಳಿ ಕಟ್ಟಿ, ಮತ್ತೆ ಗಾಳಿ ಬಿಟ್ಟರೆ ತಿಳಿ ಬಳಿದ ಜಾಗ ಕಪ್ಪಾಗಿಯೇ ಉಳಿದು, ಮಿಕ್ಕಿದ್ದು ಕೆಂಪಿಗೆ ತಿರುಗುತ್ತದೆ. ಇದನ್ನು ಕೇಳಿದ ಮೇಲೆ ನಾನು ಆ ಮಡಕೆಗಳನ್ನು ನೋಡುವ ರೀತಿಯೇ ಬದಲಾಯಿತು.

ಓದುಗ27

ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕು. ಹಾಗೇ ಬಿಡಬೇಡಿ. ಚಿತ್ರ ನೋಡಿದವರ ತಲೆಯಲ್ಲಿ ಮೊದಲು ಕೂರುವುದು ಚಿತ್ರವೇ, ಕೆಳಗಿನ ನಾಲ್ಕು ಸಾಲನ್ನು ಎಷ್ಟು ಜನ ಓದುತ್ತಾರೆ? ನಿಮ್ಮ ಅರಾಕ್ನಿಗೂ ಒಂದು ಸಾಲು ಸೇರಿಸಿ. ಆ ಕಥೆ ನಮಗೆ ಪೂರ್ತಿಯಾಗಿ ಸಿಗುವುದು ರೋಮಿನ ಓವಿಡ್ ಬರೆದ ಲ್ಯಾಟಿನ್ ಕಾವ್ಯದಲ್ಲಿ. ಮೆಡೂಸಾಳದೂ ಹಾಗೆಯೇ. ಹಳೆಯ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಅವಳು ಗೊರ್ಗನ್ ಎಂಬ ಮೂವರು ರಾಕ್ಷಸಿ ಸೋದರಿಯರಲ್ಲಿ ಸಾವಿರುವ ಒಬ್ಬಳೇ. ಚೆಂದದ ಕೂದಲು ಶಾಪದಿಂದ ಹಾವಾಯಿತು ಎನ್ನುವುದು ಓವಿಡ್ ಹೇಳುವ ಕಥೆ. ಯಾರು ಹೇಳಿದ ಕಥೆ ಎಂದು ಹೆಸರು ಹಾಕಿದರೆ ಸಾಕು, ಆಮೇಲೆ ಯಾವುದನ್ನು ಬೇಕಾದರೂ ಬರೆಯಬಹುದು.

ಕಡಲಕಥೆ

ಬಣ್ಣದಡಬ್ಬಿಯವರೇ, ದಯವಿಟ್ಟು ಆ ಚಿತ್ರ ಹರಿಯಬೇಡಿ! ಅವಳು ಯಾರೆಂದು ನನಗೆ ಗೊತ್ತು. ಸೈರನ್ ಅಲ್ಲ, ಗೊರ್ಗೊನಾ.

ಹಳೆಯ ಗ್ರೀಕ್‌ನ ಗೊರ್ಗನ್ ಎಂಬ ಹೆಸರೇ ಇಂದಿನ ಗ್ರೀಕ್‌ನಲ್ಲಿ ಗೊರ್ಗೊನಾ ಆಗಿ ಮತ್ಸ್ಯಕನ್ಯೆಗೆ ನಿಂತುಬಿಟ್ಟಿದೆ. ನಾವಿಕರು ಹೇಳಿಕೊಂಡು ಬಂದ ಕಥೆ ಹೀಗೆ. ಅಲೆಕ್ಸಾಂಡರ್ ಬಹಳ ಕಷ್ಟಪಟ್ಟು ಸಾವಿಲ್ಲದ ನೀರು ತರುತ್ತಾನೆ. ಅದೇನೆಂದು ತಿಳಿಯದೆ ಅವನ ತಂಗಿ ಅದನ್ನು ಚೆಲ್ಲಿಬಿಡುತ್ತಾಳೆ. ನೀರು ಕಾಡು ಈರುಳ್ಳಿಯ ಮೇಲೆ ಬೀಳುತ್ತದೆ, ಅದಕ್ಕೇ ಆ ಗಡ್ಡೆ ಒಣಗುವುದಿಲ್ಲವಂತೆ. ತಂಗಿ ಸಮುದ್ರ ಸೇರಿ ಅರ್ಧ ಮೀನಾಗುತ್ತಾಳೆ. ಅಂದಿನಿಂದ ಹಡಗು ಕಂಡಾಗಲೆಲ್ಲ ಅದರ ಮೂತಿ ಹಿಡಿದು ನಿಲ್ಲಿಸಿ ಕೇಳುತ್ತಾಳೆ: "ರಾಜ ಅಲೆಕ್ಸಾಂಡರ್ ಬದುಕಿದ್ದಾನಾ?" ಬದುಕಿದ್ದಾನೆ, ಆಳುತ್ತಿದ್ದಾನೆ ಎಂದರೆ ಸಮುದ್ರ ಶಾಂತವಾಗುತ್ತದೆ. ಸತ್ತ ಎಂದು ಬಾಯಿತಪ್ಪಿ ಹೇಳಿದರೆ ಬಿರುಗಾಳಿ ಎದ್ದು ಹಡಗು ಮುಳುಗುತ್ತದೆ.

ನಿಮ್ಮವಳ ಬಲಗೈ ಎಲ್ಲಿದೆ ನೋಡಿಕೊಳ್ಳಿ.

ಎಷ್ಟೋ ಕಡೆ ಈ ತಂಗಿಯ ಹೆಸರು ಥೆಸಲೊನೀಕಿ. ಚರಿತ್ರೆಯಲ್ಲೂ ಆ ಹೆಸರಿನ ಮಲತಂಗಿ ಅಲೆಕ್ಸಾಂಡರನಿಗಿದ್ದಳು. ಅವಳ ಗಂಡ ಕಸಾಂಡರ್ ಕ್ರಿ.ಪೂ. 315ರ ಹೊತ್ತಿಗೆ ಕಟ್ಟಿದ ಊರಿಗೆ ಇಂದಿಗೂ ಅವಳದೇ ಹೆಸರು. ಇಂಥ ಜನರ ಕಥೆಗಳನ್ನು ಕೂಡಿಹಾಕಿದವರಲ್ಲಿ ದೊಡ್ಡ ಹೆಸರು ನಿಕೊಲಾವೊಸ್ ಪೊಲಿಟಿಸ್. ಗ್ರೀಸಿನ ಜಾನಪದ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಅವರೇ. 1904ರಲ್ಲಿ ಐತಿಹ್ಯಗಳ ದೊಡ್ಡ ಸಂಗ್ರಹ ಹೊರತಂದರು.

ಒಂದು ಮಾತು ಮನಸ್ಸಿಗೆ ನಾಟಿದ್ದರಿಂದ ಹೇಳುತ್ತೇನೆ. ಸೈರನ್‌ಗಳಿಗೆ ಎಲ್ಲ ಗೊತ್ತು, ಹೇಳುತ್ತೇವೆ ಬಾ ಅನ್ನುತ್ತಾರೆ. ಗೊರ್ಗೊನಾಗೆ ಒಂದೇ ಒಂದು ಸುದ್ದಿ ಬೇಕು, ಅದನ್ನು ಯಾರೂ ನಿಜ ಹೇಳುವ ಹಾಗಿಲ್ಲ.

ಸುಣ್ಣದಗೋಡೆ

ಕಲಿಯದೆ ಬರೆಯುವುದರ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಥಿಯೋಫಿಲೋಸ್ ಎಂಬ ಚಿತ್ರಕಾರನನ್ನು ಹುಡುಕಿ ನೋಡಿ. ಲೆಸ್ವೊಸ್ ದ್ವೀಪದವನು. ಯಾವ ಶಾಲೆಯಲ್ಲೂ ಕಲಿಯಲಿಲ್ಲ. ವೋಲೊಸ್ ಊರಿನಲ್ಲೂ ಪಿಲಿಯೊನ್ ಬೆಟ್ಟದ ಹಳ್ಳಿಗಳಲ್ಲೂ ಮನೆ, ಅಂಗಡಿ, ಕಾಫಿ ಅಂಗಡಿಗಳ ಗೋಡೆಗೆ ಚಿತ್ರ ಬರೆದ. ಎಷ್ಟೋ ಸಲ ಕೂಲಿ ಅಂದರೆ ಒಂದು ಊಟ. ಹಬ್ಬದ ದಿನ ತಾನೇ ಅಲೆಕ್ಸಾಂಡರನ ವೇಷ ಹಾಕುತ್ತಿದ್ದ. ಜನ ನಕ್ಕರು. 1934ರಲ್ಲಿ ತೀರಿಕೊಂಡ. 1961ರಲ್ಲಿ ಅವನ ಚಿತ್ರಗಳು ಪ್ಯಾರಿಸ್‌ನ ಲೂವ್ರ್‌ನಲ್ಲಿ ಪ್ರದರ್ಶನವಾದವು.

ನಿಮ್ಮ ಪ್ರಶ್ನೆಗೆ ಬೇಕಾದ್ದು ಅವನಲ್ಲಿ ಒಂದಿದೆ. ಅವನು ಯಾರ ಚಿತ್ರ, ಏನು ನಡೆಯುತ್ತಿದೆ ಎಂದು ಚಿತ್ರದ ಒಳಗೇ ಬರೆಯುತ್ತಿದ್ದ, ಕಾಗುಣಿತದ ತಪ್ಪುಗಳ ಸಮೇತ. ಆ ಅಕ್ಷರಗಳನ್ನು ಅಳಿಸಿದರೆ ಚಿತ್ರ ಬಡವಾಗುತ್ತದೆ. ನೀವೂ ಕಥೆಯನ್ನು ಕೆಳಗೆ ಬೇರೆ ಇಡಬೇಡಿ, ಚಿತ್ರದೊಳಕ್ಕೆ ತನ್ನಿ. ಆಗ ಓದುಗ27 ಅವರ ಚಿಂತೆಯೂ ಅರ್ಧ ಕಳೆಯುತ್ತದೆ.

ಬಣ್ಣದಡಬ್ಬಿ

ಎಲ್ಲರಿಗೂ ಮನಸಾರೆ ವಂದನೆ. ಕಡಲಕಥೆಯವರು ಬರೆದದ್ದನ್ನು ಓದಿ ನನ್ನ ಚಿತ್ರವನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದೆ. ಆ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಹಡಗಿನ ಮೂತಿಯ ಮೇಲೆ ಇಟ್ಟಿದ್ದೆ. ಈಗ ನೋಡಿದರೆ ಅವಳು ಅದನ್ನು ಬಿಡದೆ ಹಿಡಿದುಕೊಂಡಿದ್ದಾಳೆ.

ತೀರ್ಮಾನ ಮಾಡಿದ್ದೇನೆ. ಬಾಲ ಉಳಿಯುತ್ತದೆ, ಹೆಸರು ಬದಲಾಗುತ್ತದೆ. ಅವಳ ಬಾಯಿಯಿಂದ ಹಡಗಿನವರೆಗೆ, ಅಲೆಯ ಬಾಗಿನಲ್ಲೇ, ಸಣ್ಣ ಕುಂಚದಿಂದ "ರಾಜ ಅಲೆಕ್ಸಾಂಡರ್ ಬದುಕಿದ್ದಾನಾ?" ಎಂದು ಬರೆಯುತ್ತೇನೆ. ಮೂಲೆಯಲ್ಲಿ "ಗ್ರೀಕ್ ನಾವಿಕರು ಹೇಳುವ ಕಥೆ" ಎಂದು. ಗೆಳತಿಯರಿಗೆ ಮೊದಲು ತಪ್ಪು ಹೇಳಿದ್ದೆ ಎಂದೂ ತಿಳಿಸುತ್ತೇನೆ. ಅರಾಕ್ನಿಯ ಕೆಳಗೆ ಓವಿಡ್‌ನ ಹೆಸರು ಇವತ್ತೇ ಸೇರಿಸಿದೆ. ಹದಿಮೂರನೆಯದಕ್ಕೆ ಇಟ್ಟಿಗೆ ಬಣ್ಣದ ಕಾಗದ ತೆಗೆದಿಟ್ಟಿದ್ದೇನೆ: ಕಣ್ಣು ಮುಚ್ಚಿ ಬೀಳುವ ಹಕ್ಕಿ.

ಉಳಿದದ್ದು ಕಂಬಕ್ಕೆ ಕಟ್ಟಿದ ಒಡಿಸ್ಯೂಸ್. ಗೊರ್ಗೊನಾಳ ಕಥೆಯಲ್ಲಿ ಅವನಿಗೆ ಜಾಗವಿಲ್ಲ. ನಿನ್ನೆ ರಾತ್ರಿ ಒದ್ದೆ ಕುಂಚದಿಂದ ಸವರಿ, ಬಟ್ಟೆಯಿಂದ ಒತ್ತಿ, ಎರಡು ಮೂರು ಸಲಕ್ಕೆ ಬಣ್ಣ ಎತ್ತಿದೆ. ಹಗ್ಗ ಹೋಯಿತು, ಮೈಯ ಒಂದು ತೆಳು ನೆರಳು ಉಳಿದಿದೆ. ಅದರ ಮೇಲೇ ಒಬ್ಬ ನಾವಿಕನನ್ನು ಬರೆಯುತ್ತಿದ್ದೇನೆ. ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ಬದುಕಿದ್ದಾನೆ ಎಂದು ಕೂಗುತ್ತಿದ್ದಾನೆ.