ಓದುಗರ ಸ್ಪಂದನ: ‘ಮಾತ್ರೆ ಬದಲಾಯಿತು, ಮಗಳು ಬದಲಾಗಲಿಲ್ಲ’

ಮಧುಗಿರಿಯ ತಾಯಿಯೊಬ್ಬರು ಹೋದ ಸಂಚಿಕೆಯಲ್ಲಿ ಬರೆದಿದ್ದರು: 22ರ ಮಗಳಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆಗಳು ಹಿಡಿತಕ್ಕೆ ಸಿಗದ ಮಾನಸಿಕ ತೊಂದರೆ) ಅಂದಿದ್ದಾರೆ. ಮೂವರು ಡಾಕ್ಟರಾಯಿತು, ಕೈ ಕೊಯ್ದುಕೊಳ್ಳುವುದು ನಿಂತಿಲ್ಲ, ಬೇಕಂತಲೇ ಮಾಡುತ್ತಾಳೆ. ನಾಲ್ಕನೆಯವರನ್ನು ನೋಡಲೋ, ಮದುವೆ ಮಾಡಿಬಿಡಲೋ?

ಕೋಲಾರದಿಂದ ಬಂದ ದೀರ್ಘ ಪತ್ರ:

‘ಬೇಕಂತಲೇ ಮಾಡುತ್ತಾಳೆ’ ಎಂಬ ಸಾಲು ಓದಿ ಹೊಟ್ಟೆ ಉರಿಯಿತು. ಅಮ್ಮಾ, ಬೇಕಂತಲ್ಲ. ಆ ಹೊತ್ತಿನ ಸಂಕಟ ತಡೆಯಲಾಗದೆ ಮಾಡುತ್ತಾಳೆ.

ಈ ತೊಂದರೆಗೇ ಅಂತ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ, ಆತಂಕಕ್ಕೆ ಕೊಡುತ್ತಾರೆ. ಅದಕ್ಕೇ ಮಾತ್ರೆ ಬದಲಾಗುತ್ತಲೇ ಇರುತ್ತದೆ. ಆತಂಕ ಇಳಿಸುವ ಆಲ್ಪ್ರಜೋಲಾಮ್ ಥರದ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಿಂದ ನೀವೇ ತರಬೇಡಿ, ಕೆಲವರಿಗೆ ಇರುವ ಹಿಡಿತವೂ ತಪ್ಪುತ್ತದೆ. ವಾರಕ್ಕಾಗುವಷ್ಟೇ ಮಾತ್ರೆ ಮನೆಯಲ್ಲಿರಲಿ. ತೋಟದ ಕೀಟನಾಶಕ ಬೇರೆಯವರ ಮನೆಯಲ್ಲಿ ಬೀಗದೊಳಗಿರಲಿ.

ಕೆಲಸ ಮಾಡುವುದು ಮಾತಿನ ಚಿಕಿತ್ಸೆ. ಅದರಲ್ಲೊಂದು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ), ಸಂಕಟವನ್ನು ಸಂಭಾಳಿಸುವುದು ಕಲಿಸುತ್ತದೆ: ವಾರಕ್ಕೊಮ್ಮೆ ಒಬ್ಬಳೇ, ಇನ್ನೊಮ್ಮೆ ಗುಂಪಿನಲ್ಲಿ, ಸುಮಾರು ಒಂದು ವರ್ಷ. ನಡುವೆ ಬಿಡಬೇಡಿ. ನಾಲ್ಕನೆಯ ಡಾಕ್ಟರನ್ನಲ್ಲ, ಜಿಲ್ಲಾಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ ಅಂತ ಕೇಳಿ. ಇಲ್ಲವೆಂದರೆ ನಿಮ್ಹಾನ್ಸ್‌ಗೆ ರೆಫರಲ್ ಬರೆಸಿಕೊಳ್ಳಿ.

ಮನೆಯಲ್ಲಿ ಬಿರುಗಾಳಿ ಎದ್ದಾಗ ನ್ಯಾಯ ಹೇಳಬೇಡಿ. ಒಂದು ಬೋಗುಣಿ ತಣ್ಣೀರು ಇಡಿ. ಅವಳು ಉಸಿರು ಹಿಡಿದು 15ರಿಂದ 30 ಸೆಕೆಂಡ್ ಮುಖ ಅದ್ದಿದರೆ ಎದೆಬಡಿತ ಇಳಿಯುತ್ತದೆ (ಹೃದಯದ ತೊಂದರೆಯಿದ್ದರೆ ಬೇಡ). ಆಮೇಲೆ ಒಂದೇ ಮಾತು: ‘ತುಂಬಾ ಹಿಂಸೆಯಾಗ್ತಿದೆ ಅಲ್ವಾ?’ ಅಲ್ಲಿಗೇ ನಿಲ್ಲಿಸಿ. ಅದರ ಬೆನ್ನಿಗೆ ‘ಆದ್ರೂ ನೀನು...’ ಅಂದಿರೋ, ಆಡಿದ ಮಾತು ಅಲ್ಲೇ ಸತ್ತಿತು. ಗಾಯ ತೊಳೆದು ಕಟ್ಟಿ, ಬೈಗುಳವೂ ಬೇಡ, ಕಣ್ಣೀರೂ ಬೇಡ. ಆಳವಿದ್ದರೆ ಆಸ್ಪತ್ರೆಗೆ.

ತಿಪಟೂರಿನವರು ಎರಡೇ ಸಾಲು ಬರೆದಿದ್ದಾರೆ:

ಮದುವೆ ಔಷಧಿಯಲ್ಲ. ಇಷ್ಟು ಜನರನ್ನು ಕೇಳಿದಿರಿ, ಆ ಹುಡುಗಿಯನ್ನು ಕೇಳಿದಿರಾ?

ಮಾತು ಒರಟು, ಆದರೆ ಪ್ರಶ್ನೆಯನ್ನು ಬಿಡುವಂತಿಲ್ಲ. ಚಿಕ್ಕಬಳ್ಳಾಪುರದ ವಕೀಲರೊಬ್ಬರು ಕೇಳದಿದ್ದ ಭಯವೊಂದಕ್ಕೆ ಉತ್ತರಿಸಿದ್ದಾರೆ:

ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ರೀತಿ ರುಜುವಾಗದ ಹೊರತು, ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಚಿಕಿತ್ಸೆಯ ವಿಷಯದಲ್ಲಿ ತನ್ನ ಪ್ರತಿನಿಧಿ ಯಾರೆಂದು ಮಗಳು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿಡಬಹುದು. ಅದು ನೀವೇ ಆಗಬೇಕೆಂದಿಲ್ಲ.

ಶಿಡ್ಲಘಟ್ಟದಿಂದ:

14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ. ತಾಯಿಯೂ ತನಗಾಗಿ ಕರೆ ಮಾಡಬಹುದು.

ಪತ್ರಗಳನ್ನೆಲ್ಲ ಮಧುಗಿರಿಗೆ ಕಳಿಸಿದ್ದೇವೆ, ತಾಯಿ ಮಗಳು ಇಬ್ಬರ ಹೆಸರಿಗೂ.